ಮಳೆ ಪುಸ್ತಕದ ಅಂಚಿನಲ್ಲಿ

ನಮ್ಮ ಮನೆಯ ನಡುಕೋಣೆಯಲ್ಲಿರುವ ಮರದ ಪೆಟ್ಟಿಗೆಯಲ್ಲಿ ಮಳೆ ಪುಸ್ತಕಗಳಿವೆ. ಕೊಡಗಿನ ಕಾಫಿ ಬೆಳೆಗಾರರ ಮನೆಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆದಿಡುವ ರೂಢಿ ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ನನ್ನ ಮಾವನವರು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಲೆಕ್ಕವನ್ನು ಒಂದು ದಿನವೂ ತಪ್ಪಿಸದೆ ಇಟ್ಟವರು. ನನ್ನ ಮಗಳಿಗೆ, ಮನಸ್ಸು ಕೆಲಕಾಲ ಉನ್ಮಾದಕ್ಕೆ ಏರಿ ಕೆಲಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಡಿಸಾರ್ಡರ್ ಇದೆ ಎಂಬ ತೀರ್ಮಾನಕ್ಕೆ ವೈದ್ಯರು ಬರಲು ಸುಮಾರು ಹತ್ತು ತಿಂಗಳು ಹಿಡಿಯಿತು. ಆ ತೀರ್ಮಾನಕ್ಕೆ ಬೇಕಾಗಿದ್ದ ಸಾಕ್ಷ್ಯದ ದೊಡ್ಡ ಪಾಲು ಈ ಪೆಟ್ಟಿಗೆಯಲ್ಲೇ ಇತ್ತು, ಅದನ್ನು ತೆರೆಯಲು ನಾವು ಹಿಂಜರಿದೆವು ಎಂಬುದನ್ನು ಹೇಳಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮಗಳಿಗೆ ಈಗ ಹದಿನೆಂಟು ತುಂಬಿದೆ. ಇದನ್ನು ಅವಳು ಓದಿದ್ದಾಳೆ. ಎರಡು ಕಡೆ ಗೆರೆ ಎಳೆದು ತೆಗೆಸಿದ್ದಾಳೆ, ಉಳಿದದ್ದಕ್ಕೆ ಒಪ್ಪಿದ್ದಾಳೆ.

2023ರ ಜೂನ್‌ನಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ನಮ್ಮೂರ ಅನೇಕ ಮಕ್ಕಳಂತೆ, ಅವಳನ್ನೂ ಘಟ್ಟದ ಕೆಳಗಿನ ಒಂದು ವಸತಿ ಪಿಯು ಕಾಲೇಜಿಗೆ ಸೇರಿಸಿದೆವು. ಜುಲೈ ಕೊನೆಯ ವಾರದಲ್ಲಿ ವಾರ್ಡನ್ ಫೋನ್ ಮಾಡಿ, ಹುಡುಗಿ ತರಗತಿಗೆ ಹೋಗುತ್ತಿಲ್ಲ, ಊಟಕ್ಕೂ ಕೆಳಗೆ ಇಳಿಯುತ್ತಿಲ್ಲ, ಬಂದು ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಮೇಲೆ ಅವಳು ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಮಲಗಿರುತ್ತಿದ್ದಳು, ಎದ್ದ ಮೇಲೂ ಮಲಗಿದವಳಂತೆಯೇ ಇರುತ್ತಿದ್ದಳು. ಹೊರಗೆ ಕಕ್ಕಡದ, ಅಂದರೆ ಕೊಡವರ ನಡುಮಳೆಗಾಲದ ತಿಂಗಳ, ಮಳೆ ಬಿಡದೆ ಸುರಿಯುತ್ತಿತ್ತು. ‘ಕಕ್ಕಡದಲ್ಲಿ ಯಾರ ಮನಸ್ಸು ತಾನೇ ಅರಳುತ್ತದೆ, ಬಿಸಿಲು ಬಂದರೆ ಸರಿಹೋಗುತ್ತಾಳೆ’ ಎಂದು ಅತ್ತೆಯವರು ಸಮಾಧಾನ ಹೇಳುತ್ತಿದ್ದರು, ನಾನೂ ಅದನ್ನೇ ನಂಬಲು ಯತ್ನಿಸುತ್ತಿದ್ದೆ. ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡಿ ಬಟ್ಟಲು ತುಂಬ ಕೊಟ್ಟೆ. ಚಿಕ್ಕಂದಿನಿಂದ ಅದಕ್ಕಾಗಿ ಕಾಯುತ್ತಿದ್ದ ಹುಡುಗಿ ಅದು. ಆ ಕಡುನೇರಳೆ ಪಾಯಸದ ಮೇಲೆ ಕೆನೆ ಕಟ್ಟುವವರೆಗೂ ನೋಡುತ್ತಾ ಕುಳಿತಿದ್ದು, ಕೊನೆಗೆ ಒಂದು ಚಮಚ ಬಾಯಿಗಿಟ್ಟು, ‘ಅಮ್ಮ, ಇದರ ರುಚಿ ನನಗೆ ತಿಳಿಯುತ್ತಿಲ್ಲ’ ಎಂದಳು. ಅವಳ ಧ್ವನಿಯಲ್ಲಿ ದುಃಖವೂ ಇರಲಿಲ್ಲ. ನಾನು ಹೆದರಿದ್ದು ಆಗ.

ನೆರೆಯ ಜಿಲ್ಲೆಯ ಒಂದು ಪಟ್ಟಣದ ಮನೋವೈದ್ಯರ ಬಳಿ ಹೋದೆವು. ಖಿನ್ನತೆ ಎಂದು ಅವರು ಗುರುತಿಸಿ ಫ್ಲುವಾಕ್ಸೆಟಿನ್ ಎಂಬ ಮಾತ್ರೆ ಬರೆದರು. ಆ ದಿನದ ಮಟ್ಟಿಗೆ ಅದು ತಪ್ಪಾಗಿರಲಿಲ್ಲ ಎಂದು ಈಗ ನನಗೆ ಗೊತ್ತಿದೆ. ಹದಿಹರೆಯದಲ್ಲಿ ಬೈಪೋಲಾರ್ ಕಾಯಿಲೆ ಬಹಳಷ್ಟು ಸಲ ಖಿನ್ನತೆಯ ರೂಪದಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ, ಉನ್ಮಾದ ಒಮ್ಮೆಯಾದರೂ ಕಾಣಿಸುವವರೆಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಇದಕ್ಕೂ ಮೊದಲು ಯಾವಾಗಲಾದರೂ ಅವಳ ಉತ್ಸಾಹ ಮಿತಿಮೀರಿ ಏರಿತ್ತೇ ಎಂದು ಅವರು ಕೇಳಲಿಲ್ಲ. ಆದರೆ ‘ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದದ್ದುಂಟೇ’ ಎಂದು ಕೇಳಿದರು. ನನ್ನ ಗಂಡ ‘ಇಲ್ಲ’ ಎಂದರು. ಮಾವನವರ ತಮ್ಮನೊಬ್ಬನ ಬಗ್ಗೆ ಮದುವೆಯಾದ ಹೊಸತರಲ್ಲಿ ಕೆಲಸದವರ ಬಾಯಿಂದ ಅರ್ಧಂಬರ್ಧ ಕೇಳಿದ್ದ ನಾನು ಸುಮ್ಮನಿದ್ದೆ. ಆ ಮೌನದ ಬೆಲೆಯನ್ನು ಮಗಳು ತೆತ್ತಳು.

ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಅವಳು ಎದ್ದಳು. ತಲೆಸ್ನಾನ ಮಾಡಿ, ಅಂಗಳದಲ್ಲಿ ಕೂದಲು ಒಣಗಿಸುತ್ತಾ ಹಾಡು ಗುನುಗಿದಳು. ಅತ್ತೆಯವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಹತ್ತು ದಿನ ನಮ್ಮ ಮನೆಯಲ್ಲಿ ಹಬ್ಬದ ಕಳೆ ಇತ್ತು. ಆಮೇಲೆ ಅವಳ ನಿದ್ದೆ ಕರಗತೊಡಗಿತು: ಐದು ಗಂಟೆ, ನಾಲ್ಕು, ಮೂರು. ಬೆಳಗಿನ ಜಾವ ಮೂರಕ್ಕೆ ಎದ್ದು ಅಟ್ಟ ಗುಡಿಸುತ್ತಿದ್ದಳು; ಒಂದು ರಾತ್ರಿ ಕರಿಮೆಣಸಿನ ಚೀಲವನ್ನು ನೆಲಕ್ಕೆ ಸುರಿದು ಕಾಳುಗಳನ್ನು ಗಾತ್ರದ ಪ್ರಕಾರ ವಿಂಗಡಿಸುತ್ತಾ ಕುಳಿತಿದ್ದಳು. ಇಷ್ಟಾದರೂ ಬೆಳಿಗ್ಗೆ ಆಯಾಸದ ಸುಳಿವೇ ಇರುತ್ತಿರಲಿಲ್ಲ. ಮಾತಿನ ವೇಗಕ್ಕೆ ನಮ್ಮ ಕಿವಿ ಸೋಲುತ್ತಿತ್ತು. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳಿಗೆಲ್ಲ ಉಚಿತ ಕಾಲೇಜು ಕಟ್ಟುತ್ತೇನೆಂದು ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು ಬಂದಳು, ಅಪ್ಪನ ಕಾರ್ಡ್ ಬಳಸಿ ಮೂವತ್ತೆಂಟು ಸಾವಿರ ರೂಪಾಯಿಯ ಪುಸ್ತಕ ಮತ್ತು ಬಟ್ಟೆ ತರಿಸಿದಳು, ತಡೆದಾಗ ತಟ್ಟೆ ಎತ್ತಿ ಗೋಡೆಗೆ ಎಸೆದಳು.

ಆ ದಿನಗಳಲ್ಲಿ ಅವಳು ಬರೆದ ಒಂದು ನೋಟ್‌ಬುಕ್ ನನ್ನ ಬಳಿ ಇದೆ. ಮೊದಲ ಪುಟಗಳಲ್ಲಿ ಅವಳ ಎಂದಿನ ದುಂಡನೆಯ ಅಕ್ಷರ, ಗೆರೆಯ ಮೇಲೆ ಅಚ್ಚುಕಟ್ಟಾಗಿ ಕುಳಿತಿದೆ. ನಲವತ್ತನೆಯ ಪುಟದ ಹೊತ್ತಿಗೆ ಅಕ್ಷರ ಎರಡು ಗೆರೆಗಳನ್ನು ಆವರಿಸುತ್ತದೆ, ಅಂಚಿನಲ್ಲಿ ಬಾಣದ ಗುರುತುಗಳು ತುಂಬುತ್ತವೆ. ಕೊನೆಯ ಪುಟಗಳಲ್ಲಿ ನಾಲ್ಕು ಪದಕ್ಕೆ ಒಂದು ಪುಟ ಮುಗಿದುಹೋಗಿದೆ, ಪೆನ್ನು ಒತ್ತಿದ ಕಡೆ ಕಾಗದ ಹರಿದಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು; ಇಪ್ಪತ್ತು ವರ್ಷ ಮಕ್ಕಳ ಕೈಬರಹ ತಿದ್ದಿದವಳು. ಆದರೂ ಮಗಳ ಕಾಯಿಲೆ ಪುಟದಿಂದ ಪುಟಕ್ಕೆ ಏರಿದ್ದನ್ನು ಆ ಹೊತ್ತಿನಲ್ಲಿ ಓದಲಾರದೆ ಹೋದೆ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದೆವು. ತೀರ್ಥೋದ್ಭವದ ಜನಸಂದಣಿಯ ನಡುವೆ ಅವಳು, ಕಾವೇರಮ್ಮ ತನ್ನನ್ನು ಆರಿಸಿಕೊಂಡಿದ್ದಾಳೆ, ತನ್ನ ಬಾಯಿಂದ ಮಾತಾಡುತ್ತಿದ್ದಾಳೆ ಎಂದು ದೊಡ್ಡ ದನಿಯಲ್ಲಿ ಹೇಳತೊಡಗಿದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಕೈಮುಗಿದರು. ಒಂದು ಕ್ಷಣ ನನಗೂ ಮೈ ಜುಮ್ಮೆಂದಿತು. ನಮ್ಮ ನಂಬಿಕೆಯ ಭಾಷೆ ಮತ್ತು ಅವಳ ಕಾಯಿಲೆಯ ಭಾಷೆ ಅಲ್ಲಿ ಒಂದೇ ಆಗಿತ್ತು. ಮನೆಗೆ ಮರಳಿದ ಮೇಲೆ ಬಂಧುಗಳು ತಲೆಗೊಂದು ಕಾರಣ ಕೊಟ್ಟರು: ಗಾಳಿ ಸೋಕಿದೆ, ಯಾರನ್ನೋ ಪ್ರೀತಿಸಿದ್ದಾಳೆ, ಹಾಸ್ಟೆಲಿನಲ್ಲಿ ಗಾಂಜಾ ಕಲಿತಿದ್ದಾಳೆ, ಮೊಬೈಲ್ ಕಸಿದುಕೊಳ್ಳಿ ಸಾಕು. ಆ ರಾತ್ರಿ ಎರಡು ಗಂಟೆಗೆ, ಅವಳು ಟಾರ್ಚ್ ಹಿಡಿದು ತೋಟಕ್ಕೆ ಹೊರಟಾಗ, 14416ಕ್ಕೆ ಕರೆ ಮಾಡಿದೆ. ಇದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಆ ಕಡೆಯಿಂದ ಕನ್ನಡದಲ್ಲಿ ಮಾತಾಡಿದ ಹೆಣ್ಣುಮಗಳು ಗಾಬರಿಯಿಲ್ಲದೆ ಕೇಳಿದ್ದು ನಾಲ್ಕೈದು ಪ್ರಶ್ನೆ ಮಾತ್ರ, ಅವುಗಳಲ್ಲಿ ಮೊದಲನೆಯದು ನಿದ್ದೆಯದು. ನಾಳೆಯೇ ಆಸ್ಪತ್ರೆಗೆ ಹೋಗಿ, ಮುಂದೂಡಬೇಡಿ ಎಂದರು.

ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರೂ ನಿದ್ದೆಯಿಂದಲೇ ಆರಂಭಿಸಿದರು. ‘ನಿದ್ದೆ ಬರುತ್ತಿಲ್ಲವೋ, ನಿದ್ದೆ ಬೇಕೆನಿಸುತ್ತಿಲ್ಲವೋ?’ ಎಂದು ಅವರು ಕೇಳಿದಾಗ ನನಗೆ ವ್ಯತ್ಯಾಸ ಹೊಳೆಯಲಿಲ್ಲ. ಪರೀಕ್ಷೆಯ ಚಿಂತೆಯಲ್ಲಿ ಹೊರಳಾಡುವ ಮಗುವಿಗೆ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಕಣ್ಣು ಉರಿಯುತ್ತದೆ, ಮೈ ಸೋತಿರುತ್ತದೆ. ಉನ್ಮಾದದಲ್ಲಿರುವ ಮಗುವಿಗೆ ಮೂರು ಗಂಟೆ ಸಾಕು, ಅದು ಹೊಸ ಚೈತನ್ಯದಿಂದ ಏಳುತ್ತದೆ ಎಂದು ಅವರೇ ಬಿಡಿಸಿ ಹೇಳಿದರು. ಫ್ಲುವಾಕ್ಸೆಟಿನ್ ನಿಲ್ಲಿಸಿದರು, ಉದ್ವೇಗ ಇಳಿಸುವ ಔಷಧಿ ಬರೆದರು, ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಕೊಟ್ಟರು.

ನಾವು ಏಳುವ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಿದರು: ‘ಮನೆಯಲ್ಲಿ ಕೋವಿ ಇದೆಯಲ್ಲವೇ? ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿಡುತ್ತೀರಿ?’ ಕೊಡಗನ್ನು ಬಲ್ಲ ವೈದ್ಯರು ಮಾತ್ರ ಇದನ್ನು ಹೀಗೆ ಕೇಳಬಲ್ಲರು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಪಡೆದ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರ ಮನೆ ನಮ್ಮದು. ಕೋವಿ ಅಲ್ಲಿ ಆಯುಧಕ್ಕಿಂತ ಹೆಚ್ಚು, ಕೈಲ್ ಮುಹೂರ್ತದಂದು ಹೂವೇರಿಸಿ ಪೂಜಿಸುವ ವಸ್ತು. ಈ ಕಾಯಿಲೆಯಿರುವ ಹರೆಯದವರಲ್ಲಿ ಮನಸ್ಸು ಮೇಲಿನಿಂದ ಕೆಳಕ್ಕೆ ಕುಸಿಯುವ ಹೊತ್ತು ಅಪಾಯದ್ದು, ಆ ಹೊತ್ತಿಗೆ ಕೈಗೆ ಎಟುಕುವಂಥದ್ದು ಮನೆಯಲ್ಲಿ ಇರಬಾರದು ಎಂದು ಅವರು ಶಾಂತವಾಗಿ ವಿವರಿಸಿದರು. ಅದೇ ಸಂಜೆ ನನ್ನ ಗಂಡ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು. ಮಾವನವರು ವಿರೋಧಿಸಬಹುದೆಂದು ಅಂಜಿದ್ದೆವು. ಅವರು ತಾವಾಗಿಯೇ ಗೋಡೆಯಿಂದ ಅದನ್ನು ಇಳಿಸಿ ಕೊಟ್ಟರು, ತೋಟದ ಔಷಧಿಯ ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಏಕೆ ಒಂದು ಮಾತನ್ನೂ ಆಡಲಿಲ್ಲ ಎಂಬುದು ಮೂರು ವಾರಗಳ ನಂತರ ನಮಗೆ ತಿಳಿಯಿತು.

ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲು ಇಲ್ಲ. ಮೂವರು ದೊಡ್ಡವರು ಕಾರಿನಲ್ಲಿ ಅವಳ ಎಡಬಲಕ್ಕೆ ಕುಳಿತು ಹೋದ ಆ ಪಯಣದ ಬಗ್ಗೆ ಬರೆಯಬೇಡವೆಂದು ಅವಳು ಕೇಳಿಕೊಂಡಿದ್ದಾಳೆ.

ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದಲ್ಲಿ ಅವಳನ್ನು ದಾಖಲಿಸಿಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅಪ್ರಾಪ್ತ ವಯಸ್ಸಿನವರನ್ನು ದಾಖಲಿಸುವ ಮೊದಲು ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹಾಗೆಯೇ ಆಯಿತು, ನಾನು ಅವಳ ಜೊತೆಗೆ ಉಳಿದೆ. ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಮಾಡಿ ಇಂಥ ಕಾಯಿಲೆ ಎಂದು ಹೇಳಿಬಿಡುತ್ತಾರೆಂದು ನಾನು ಎಣಿಸಿದ್ದೆ. ರಕ್ತ ತೆಗೆದರು ನಿಜ, ಆದರೆ ಬೈಪೋಲಾರ್ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಎಂಬುದು ಇಲ್ಲ. ತೆಗೆದದ್ದು ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಲು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಹೀಗೆ ಚಡಪಡಿಕೆ ಬರಬಹುದು. ಉಬ್ಬಸಕ್ಕೋ ಚರ್ಮಕ್ಕೋ ಸ್ಟೆರಾಯ್ಡ್ ಮಾತ್ರೆ ನುಂಗಿದ್ದಳೇ, ಮೂರ್ಛೆ ಬಂದದ್ದುಂಟೇ, ಜ್ವರ ಬಂದು ಗೊಂದಲವಾಗಿತ್ತೇ ಎಂದು ಕೇಳಿದರು. ಅವಳಿಗೆ ತಿಳಿಸಿ, ಅವಳ ಒಪ್ಪಿಗೆ ಪಡೆದು ಮೂತ್ರದಲ್ಲಿ ಮಾದಕ ವಸ್ತುವಿನ ಪರೀಕ್ಷೆ ಮಾಡಿದರು, ಏನೂ ಇರಲಿಲ್ಲ. ಕಣ್ಣಿನ ವಿಭಾಗಕ್ಕೆ ಕಳುಹಿಸಿದಾಗ ನನಗೆ ಆಶ್ಚರ್ಯವಾಯಿತು. ವಿಲ್ಸನ್ ಕಾಯಿಲೆ ಎಂಬುದೊಂದಿದೆ, ಅದರಲ್ಲಿ ದೇಹದ ತಾಮ್ರ ಹೊರಹೋಗದೆ ಯಕೃತ್ತಿನಲ್ಲೂ ಮಿದುಳಿನಲ್ಲೂ ಸಂಗ್ರಹವಾಗುತ್ತದೆ, ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಮೂಡಬಹುದು, ಈ ವಯಸ್ಸಿನಲ್ಲಿ ಅದು ಸ್ವಭಾವದ ಬದಲಾವಣೆಯಾಗಿ ತಲೆದೋರುವುದುಂಟು ಎಂದರು. ಅವಳ ಕಣ್ಣಿನಲ್ಲಿ ಉಂಗುರವಿರಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮಾತು. ಯುವ ವೈದ್ಯೆಯೊಬ್ಬರು ದೊಡ್ಡ ಕಾಗದದ ಮೇಲೆ ಅಡ್ಡಗೆರೆಯೊಂದನ್ನು ಎಳೆದು, ಒಂದು ತುದಿಗೆ ಮಗಳ ಹುಟ್ಟಿದ ದಿನವನ್ನೂ ಇನ್ನೊಂದು ತುದಿಗೆ ಅಂದಿನ ತಾರೀಖನ್ನೂ ಬರೆದರು. ಮನಸ್ಸು ಏರಿದ್ದು ಗೆರೆಯ ಮೇಲೆ, ಕುಸಿದದ್ದು ಗೆರೆಯ ಕೆಳಗೆ. ‘ಯಾವಾಗ, ಎಷ್ಟು ದಿನ, ಆಗ ಎಷ್ಟು ಗಂಟೆ ಮಲಗಿದಳು’ ಎಂಬ ಮೂರು ಪ್ರಶ್ನೆಗಳನ್ನೇ ಅವರು ಪ್ರತಿಯೊಂದಕ್ಕೂ ಕೇಳುತ್ತಿದ್ದರು. ಏಕೆಂದರೆ ಈ ಕಾಯಿಲೆಯ ಗುರುತು ಅವಧಿಗಳಲ್ಲಿದೆ: ಉನ್ಮಾದ ಕನಿಷ್ಠ ಒಂದು ವಾರ, ಅದರ ಹಗುರ ರೂಪವಾದ ಹೈಪೋಮೇನಿಯಾ ಕನಿಷ್ಠ ನಾಲ್ಕು ದಿನ, ಖಿನ್ನತೆ ಎರಡು ವಾರ ಎಂಬ ಅಳತೆಯನ್ನು ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಕೊಡುತ್ತದೆ. ಆ ದಿನಗಳ ಮಗು ತನ್ನ ಎಂದಿನ ಸ್ವಭಾವಕ್ಕಿಂತ ಎದ್ದು ಕಾಣುವಷ್ಟು ಬೇರೆಯಾಗಿರಬೇಕು, ಆ ಅವಧಿಗೆ ಆರಂಭ ಮತ್ತು ಕೊನೆ ಇರಬೇಕು. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಸಲ ಸಿಡುಕಿ ನಾಲ್ಕು ಸಲ ನಗುವ ಹುಡುಗ ಹುಡುಗಿಯರನ್ನು ನಾವು ಮಾತಿಗೆ ‘ಬೈಪೋಲಾರ್’ ಎಂದುಬಿಡುತ್ತೇವೆ. ಅದು ಇದಲ್ಲ.

ಆ ಕಾಗದದ ಮುಂದೆ ಕುಳಿತಾಗ ನಮ್ಮ ನೆನಪು ಎಷ್ಟು ತೆಳುವೆಂದು ತಿಳಿಯಿತು. ಗಂಡ ಆಗಸ್ಟ್ ಎಂದದ್ದನ್ನು ನಾನು ಸೆಪ್ಟೆಂಬರ್ ಎನ್ನುತ್ತಿದ್ದೆ. ಕೊನೆಗೆ ಹಬ್ಬಗಳನ್ನು ಗೂಟವಾಗಿ ನೆಟ್ಟು ಲೆಕ್ಕ ಹಾಕಿದೆವು: ಕಕ್ಕಡ ಹದಿನೆಂಟಕ್ಕೆ ಹೀಗಿದ್ದಳು, ಕೈಲ್ ಮುಹೂರ್ತಕ್ಕೆ ಹೀಗಿದ್ದಳು, ಸಂಕ್ರಮಣಕ್ಕೆ ಹೀಗೆ. ಹಾಗೆ ಹಿಂದಕ್ಕೆ ಹೋಗುವಾಗ ಫೆಬ್ರವರಿಯ ಐದು ದಿನಗಳು ಸಿಕ್ಕವು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಅವಳು ರಾತ್ರಿಗೆ ನಾಲ್ಕು ಗಂಟೆ ಮಾತ್ರ ಮಲಗಿ, ದಣಿವಿಲ್ಲದೆ ಓದಿ, ಗೆಳತಿಯರಿಗೆಲ್ಲ ಪಾಠ ಹೇಳಿ, ಮನೆಮಂದಿಯನ್ನೆಲ್ಲ ನಗಿಸಿ ಓಡಾಡಿದ್ದಳು. ನಾನು ಅದನ್ನು ಶಾಲೆಯ ಸಹೋದ್ಯೋಗಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ವೈದ್ಯೆ ಗೆರೆಯ ಮೇಲೆ ಚಿಕ್ಕದೊಂದು ಗುಡ್ಡ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪರೀಕ್ಷೆಯ ಒತ್ತಡವೂ ಇರಬಹುದಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಾಗದು, ಮರೆಯಲೂ ಆಗದು ಎಂದರು. ಆ ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಅವರ ಎಚ್ಚರಿಕೆಗೆ ಕಾರಣವಿತ್ತು. ಅಮೆರಿಕದಲ್ಲಿ 1994-95ರಿಂದ 2002-03ರ ನಡುವೆ, ಇಪ್ಪತ್ತು ವರ್ಷದೊಳಗಿನವರು ಬೈಪೋಲಾರ್ ಎಂಬ ಹೆಸರಿನಡಿ ವೈದ್ಯರನ್ನು ಕಂಡ ಭೇಟಿಗಳ ಪ್ರಮಾಣ ಸುಮಾರು ನಲವತ್ತು ಪಟ್ಟು ಏರಿತ್ತು. ಸದಾ ಸಿಡುಕುವ, ಕೋಪ ಸಿಡಿಯುವ ಮಕ್ಕಳಿಗೆಲ್ಲ ಈ ಹೆಸರು ಅಂಟತೊಡಗಿತ್ತು. ಅದನ್ನು ತಡೆಯುವ ಸಲುವಾಗಿಯೇ 2013ರ ಡಿಎಸ್‌ಎಂ-5ರಲ್ಲಿ ಅಂಥ ನಿರಂತರ ಸಿಡುಕಿಗೆ ಬೇರೆಯೇ ಹೆಸರು ಕೊಟ್ಟರು. ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆಯಾದ ಎಡಿಎಚ್‌ಡಿಯಲ್ಲೂ ಮಗು ಒಂದೆಡೆ ಕೂರದು, ಮಾತು ನಿಲ್ಲದು. ಆದರೆ ಅದು ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡು ವರ್ಷವಿಡೀ ಒಂದೇ ತೆರನಾಗಿರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಅವಳ ಐದನೇ ತರಗತಿಯ ಮೇಡಂ ಜೊತೆ ಫೋನಿನಲ್ಲಿ ಮಾತಾಡಿದರು. ‘ಮೂಲೆಯಲ್ಲಿ ಕುಳಿತು ಕತೆ ಪುಸ್ತಕ ಓದುತ್ತಿದ್ದ ಮಗು’ ಎಂದರಂತೆ ಅವರು.

ಕಾವೇರಮ್ಮನ ಮಾತನ್ನು ವೈದ್ಯರು ಹೇಗೆ ಸ್ವೀಕರಿಸುವರೋ ಎಂಬ ಅಳುಕು ನನಗಿತ್ತು. ಅವರು ನಗಲಿಲ್ಲ. ನಿಮ್ಮ ಮನೆಯಲ್ಲಿ, ಊರಿನಲ್ಲಿ ಮೈಮೇಲೆ ದೇವರು ಬರುವುದುಂಟೇ, ಬಂದರೆ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಮೇಲೆ ಅವರು ಎಂದಿನಂತಾಗುತ್ತಾರೆಯೇ ಎಂದು ಕೇಳಿದರು. ನಮ್ಮಲ್ಲಿ ತೆರೆ ಎಂಬ ದೈವಾರಾಧನೆಯ ಹೊತ್ತಿಗೆ ಬಂದ ದೈವ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ, ಮರುದಿನ ಆ ಮನುಷ್ಯ ತನ್ನ ಗದ್ದೆಗೆ ಹೋಗುತ್ತಾನೆ ಎಂದೆ. ಅವಳದ್ದು ಇಳಿಯಲೇ ಇಲ್ಲ, ಅವಳ ನಿದ್ದೆಯನ್ನೂ ಊಟವನ್ನೂ ಜೊತೆಗೆ ಕೊಂಡೊಯ್ದಿತು ಎಂಬುದನ್ನು ಹೇಳುತ್ತಾ ಹೇಳುತ್ತಾ ನಾನೇ ಕಂಡುಕೊಂಡೆ.

ಮಗಳನ್ನು ಒಂಟಿಯಾಗಿಯೂ ಮಾತಾಡಿಸಿದರು. ಪ್ರಾಣಕ್ಕೆ ಅಪಾಯವಿರುವ ಮಾತಾದರೆ ಮಾತ್ರ ಅಪ್ಪ ಅಮ್ಮನಿಗೆ ಹೇಳುತ್ತೇವೆ, ಉಳಿದದ್ದು ನಿನ್ನದು ಎಂದು ಅವಳಿಗೆ ಮೊದಲೇ ತಿಳಿಸಿದ್ದರು. ಕಕ್ಕಡದ ಆ ದಿನಗಳಲ್ಲಿ ಬದುಕುವುದು ಬೇಡವೆನಿಸಿತ್ತು ಎಂಬುದನ್ನು ಅವಳು ಹಾಗೆ ಮೊದಲ ಬಾರಿಗೆ ಹೇಳಿದಳು. ನಾನು ಪಾಯಸದ ಬಟ್ಟಲು ಹಿಡಿದು ಎದುರಿಗೇ ಕುಳಿತಿದ್ದೆ, ನನಗೆ ಹೇಳಿರಲಿಲ್ಲ.

ಮತ್ತೆ ಅದೇ ಪ್ರಶ್ನೆ ಬಂತು: ಕುಟುಂಬದಲ್ಲಿ ಯಾರಿಗಾದರೂ? ಗಂಡ ನೆಲ ನೋಡಿದರು. ಈ ಸಲ ನಾನು ಸುಮ್ಮನಿರಲಿಲ್ಲ. ಹೊರಗಿನ ಮರದ ನೆರಳಿಗೆ ಹೋಗಿ ಮಾವನವರಿಗೆ ಫೋನ್ ಮಾಡಿ, ನಿಮ್ಮ ತಮ್ಮನಿಗೆ ಏನಾಗಿತ್ತು ಎಂದು ನೇರವಾಗಿ ಕೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ, ಆಮೇಲೆ ಫೋನ್ ಇಟ್ಟುಬಿಟ್ಟರು. ನಾಲ್ಕನೆಯ ದಿನ, ಎಂಬತ್ತು ದಾಟಿದ ಆ ಮನುಷ್ಯ ರಾತ್ರಿ ಬಸ್ಸಿನಲ್ಲಿ ಹೊರಟು, ಬಟ್ಟೆಯ ಚೀಲದಲ್ಲಿ ಎರಡು ಮಳೆ ಪುಸ್ತಕಗಳನ್ನು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು.

ಕನ್ನಡಕ ಏರಿಸಿಕೊಂಡು ಅವರು ವೈದ್ಯೆಗೆ ಓದಿ ಹೇಳಿದರು. 1976ರ ಏಪ್ರಿಲ್. ಒಂದು ಇಂಚು ಹತ್ತು ಸೆಂಟ್, ತಮ್ಮ ಮಲಗಿಲ್ಲ. ಮರುದಿನ ಮಳೆ ಇಲ್ಲ. ತಮ್ಮ ಮಲಗಿಲ್ಲ, ಗದ್ದೆ ಮಾರುತ್ತೇನೆ ಎನ್ನುತ್ತಾನೆ. ನಲವತ್ತು ಸೆಂಟ್, ತಮ್ಮ ಆರನೇ ರಾತ್ರಿ. ಅದೇ ವರ್ಷದ ಆಗಸ್ಟ್, ನಾಲ್ಕು ಇಂಚು. ತಮ್ಮ ಕೋಣೆ ಬಿಟ್ಟು ಬಂದಿಲ್ಲ. 1978ರಲ್ಲಿ ಮತ್ತೆ ಏಪ್ರಿಲ್‌ನಲ್ಲಿ ಅದೇ ಮಾತು, ಮತ್ತೆ ಮಳೆಗಾಲದಲ್ಲಿ ಅದೇ ಮೌನ. 1979ರ ಜುಲೈನ ಒಂದು ದಿನ ಮಳೆಯ ಅಂಕಿ ಮಾತ್ರ ಇತ್ತು, ಪಕ್ಕದಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಜ್ವರ ಎನ್ನುತ್ತಿದ್ದರು. ಜ್ವರವಾಗಿರಲಿಲ್ಲ. ಕೋವಿಯನ್ನು ಅವರು ಒಂದು ಮಾತೂ ಆಡದೆ ಗೋಡೆಯಿಂದ ಇಳಿಸಿದ್ದೇಕೆಂದು ನನಗೂ ಗಂಡನಿಗೂ ಒಟ್ಟಿಗೇ ಅರ್ಥವಾಯಿತು.

ಅಜ್ಜನ ತಮ್ಮನೆಂದರೆ ರಕ್ತಸಂಬಂಧ ದೂರದ್ದು, ಅದೊಂದರಿಂದ ತೀರ್ಮಾನವಾಗದು, ತಂದೆ ತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಅದರ ತೂಕವೇ ಬೇರೆ ಎಂದು ವೈದ್ಯೆ ಹೇಳಿದರು. ಆದರೆ ಅಜ್ಜ ಬೆಂಗಳೂರಿಗೆ ಹೋದ ಸುದ್ದಿ ಕೇಳಿ, ಮೈಸೂರಿನಲ್ಲಿರುವ ನನ್ನ ನಾದಿನಿ ಆ ರಾತ್ರಿ ಫೋನ್ ಮಾಡಿದರು. ಹನ್ನೊಂದು ವರ್ಷದಿಂದ ತಾನು ಇದೇ ಕಾಯಿಲೆಗೆ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ ಎಂದರು. ಮೊದಲ ವೈದ್ಯರು ಕೇಳಿದ ದಿನ ಇದು ನಮಗೆ ಗೊತ್ತಿದ್ದರೆ, ಖಿನ್ನತೆಯ ಮಾತ್ರೆಯನ್ನು ಒಂಟಿಯಾಗಿ ಕೊಡುವ ಮೊದಲು ಅವರು ಎರಡು ಸಲ ಯೋಚಿಸುತ್ತಿದ್ದರು. ನಾನು ನಾದಿನಿಯನ್ನು ದೂಷಿಸಲಾರೆ. ಹೇಳಿದ್ದರೆ ಅವರನ್ನು ನಾವು ಹೇಗೆ ನೋಡುತ್ತಿದ್ದೆವು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

ಅಂದು ಮಾವನವರು ವೈದ್ಯೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಲಿಥಿಯಂ ಎಂಬ ಔಷಧಿ ಆಗಲೇ ಇತ್ತೇ?’ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಇದನ್ನು ಕೊಟ್ಟು ಫಲ ಕಂಡು ಪ್ರಕಟಿಸಿದ್ದರು ಎಂದು ಅವರು ಹೇಳಿದರು. ಮಾವನವರು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡರು.

ಇಷ್ಟಾದರೂ ಬಿಡುಗಡೆಯ ಚೀಟಿಯಲ್ಲಿ ರೋಗನಿರ್ಣಯದ ಮುಂದೆ ‘ತಾತ್ಕಾಲಿಕ’ ಎಂದೇ ಬರೆದಿದ್ದರು. ಖಿನ್ನತೆಯ ಮಾತ್ರೆ ಕೆಲವರಲ್ಲಿ 
ಉನ್ಮಾದವನ್ನು ಕೆರಳಿಸಬಲ್ಲದು, ಮಾತ್ರೆಯ ಪ್ರಭಾವ ಕಳೆದ ಮೇಲೂ ಉನ್ಮಾದ ಪೂರ್ಣರೂಪದಲ್ಲಿ ಉಳಿದರೆ ಮಾತ್ರ ಅದನ್ನು ಬೈಪೋಲಾರ್ ಎಂದು ಎಣಿಸಬೇಕು. ಫ್ಲುವಾಕ್ಸೆಟಿನ್ ನಿಲ್ಲಿಸಿದ ಮೇಲೂ ಅದರ ಅಂಶ ವಾರಗಟ್ಟಲೆ ದೇಹದಲ್ಲಿರುತ್ತದೆ, ಅಷ್ಟರಲ್ಲಿ ಉದ್ವೇಗ ಇಳಿಸುವ ಔಷಧಿಯಿಂದ ಅವಳು ಸುಧಾರಿಸಿದ್ದಳು. ಹಾಗಾಗಿ ಕಾಯೋಣ ಎಂದರು. ಕಾಯುವುದೂ ರೋಗನಿರ್ಣಯದ ಒಂದು ಭಾಗವೆಂದು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಊರಿಗೆ ಮರಳುವಾಗ, ದಿನವೂ ನಿದ್ದೆಯ ಗಂಟೆ ಮತ್ತು ಮನಸ್ಸಿನ ಮಟ್ಟ ಬರೆಯಲು ಒಂದು ಚಾರ್ಟ್ ಕೊಟ್ಟಿದ್ದರು. ವಾರದಲ್ಲಿ ಅದು ಎಲ್ಲಿಯೋ ಸೇರಿಹೋಯಿತು. ಆಗ ಮಾವನವರೇ, ‘ನನ್ನ ಪುಸ್ತಕದಲ್ಲಿ ಬರಿ, ಅದು ಕಳೆಯುವುದಿಲ್ಲ’ ಎಂದರು. ಮಳೆಯ ಅಂಕಿಯ ಬಲಕ್ಕೆ, ಅಂಚಿನಲ್ಲಿ, ನಾನು ಮಗಳ ನಿದ್ದೆಯ ಗಂಟೆಗಳನ್ನು ಬರೆಯತೊಡಗಿದೆ.

2024ರ ಮಾರ್ಚ್‌ನಲ್ಲಿ ಅವಳು ನಮಗೆ ತಿಳಿಯದಂತೆ ಮಾತ್ರೆ ನಿಲ್ಲಿಸಿದಳು. ತೂಕ ಹೆಚ್ಚಿತ್ತು, ಬೆರಳು ನಡುಗುತ್ತಿತ್ತು. ಜೊತೆಗೆ, ಆ ಶರತ್ಕಾಲದ ಬೆಳಕು ಮತ್ತೆ ಬೇಕೆನಿಸಿತ್ತು ಎಂದು ಆಮೇಲೆ ಹೇಳಿದಳು. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತ್ತು, ಸ್ಪ್ರಿಂಕ್ಲರ್ ಇದ್ದವರ ತೋಟ ಮಾತ್ರ ಬೆಳ್ಳಗಾಗಿತ್ತು. ಪುಸ್ತಕದ ಆ ಪುಟದಲ್ಲಿ ಮಳೆಯ ಅಂಕಣದಲ್ಲಿ ಸಾಲುಸಾಲು ಸೊನ್ನೆಗಳು, ಅಂಚಿನಲ್ಲಿ ಏಳೂವರೆ, ಏಳು, ಏಳು, ಆರು, ನಾಲ್ಕೂವರೆ, ಮೂರು. ನಾಲ್ಕೂವರೆ ಬರೆದ ಬೆಳಿಗ್ಗೆಯೇ ನಾನು ಮಡಿಕೇರಿಗೆ ಫೋನ್ ಮಾಡಿದೆ. ಉನ್ಮಾದ ಒಂಬತ್ತು ದಿನ ನಡೆಯಿತು, ಆದರೆ ಈ ಸಲ ಆಸ್ಪತ್ರೆಗೆ ಸೇರಿಸುವ ಪ್ರಮೇಯ ಬರಲಿಲ್ಲ. ಖಿನ್ನತೆಯ ಮಾತ್ರೆಯ ಸುಳಿವಿಲ್ಲದೆ ಬಂದ ಉನ್ಮಾದ ಅದಾಗಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆ ಪುಟಗಳನ್ನು ನೋಡಿದ ವೈದ್ಯೆ ‘ತಾತ್ಕಾಲಿಕ’ ಎಂಬ ಪದವನ್ನು ಹೊಡೆದು, ಬೈಪೋಲಾರ್ ಒಂದನೇ ಬಗೆ ಎಂದು ಬರೆದರು.

ನನ್ನ ಕಣ್ಣಲ್ಲಿ ನೀರು ಬಂತು, ಮಗಳ ಕಣ್ಣಲ್ಲಿ ಬರಲಿಲ್ಲ. ಅವಳು ಕೇಳಿದ್ದು ಬೇರೆ: ‘ಹಾಗಾದರೆ ಆ ನೋಟ್‌ಬುಕ್ಕಿನಲ್ಲಿ ಬರೆದದ್ದು ನಾನೋ, ಕಾಯಿಲೆಯೋ?’ ಲೈನ್ ಮನೆಯ ಮಕ್ಕಳಿಗೆ ಕಾಲೇಜು ಬೇಕೆಂದು ನಿನಗೆ ಮೊದಲೂ ಅನಿಸಿತ್ತೇ, ಈಗಲೂ ಅನಿಸುತ್ತದೆಯೇ ಎಂದು ವೈದ್ಯೆ ಮರುಪ್ರಶ್ನೆ ಕೇಳಿದರು. ಹೌದು ಎಂದಳು. ‘ಅದು ನೀನು. ಒಂದೇ ರಾತ್ರಿಯಲ್ಲಿ ಕಟ್ಟಿಬಿಡುತ್ತೇನೆ ಎಂದದ್ದು ಕಾಯಿಲೆ’ ಎಂದರು ಅವರು.

ಈ ಕಾಯಿಲೆಯ ಇನ್ನೊಂದು ಔಷಧಿಯಾದ ವಾಲ್‌ಪ್ರೊಯೇಟನ್ನು ಹುಡುಗಿಯರಿಗೆ ಕೊಡುವುದನ್ನು ಆದಷ್ಟು ತಪ್ಪಿಸುತ್ತಾರೆ, ಮುಂದೆ ಗರ್ಭ ಧರಿಸಿದರೆ ಮಗುವಿಗೆ ಹಾನಿಯಾಗುವ ಭಯವಿದೆ. ಅವಳ ಸೋದರತ್ತೆಗೆ, ಅಂದರೆ ನನ್ನ ನಾದಿನಿಗೆ, ಲಿಥಿಯಂ ಒಗ್ಗಿದ್ದರಿಂದ ಇವಳಿಗೂ ಅದನ್ನೇ ಆರಂಭಿಸಿದರು. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆಗಳ ನಂತರ ರಕ್ತ ಕೊಟ್ಟು ಮಟ್ಟ ನೋಡಿಸಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಬೇಕು, ವಾಂತಿ ಭೇದಿಯಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಇವೆಲ್ಲ ಈಗ ನಮ್ಮ ಮನೆಯ ದಿನಚರಿ. ಒಂದು ವರ್ಷ ತಡವಾಗಿ ಅವಳು ಮಡಿಕೇರಿಯಲ್ಲೇ ಪಿಯು ಸೇರಿದಳು. ಅಂಚಿನ ಅಂಕಿಗಳನ್ನು ಈಗ ಅವಳೇ ಬರೆಯುತ್ತಾಳೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಅವನಿಗೆ ಹೇಳುವುದೋ ಬೇಡವೋ ಎಂದು ನಾನೂ ಗಂಡನೂ ತಿಂಗಳುಗಟ್ಟಲೆ ಚರ್ಚಿಸಿದೆವು, ಮಾವನವರು ನಮ್ಮ ತೀರ್ಮಾನಕ್ಕೆ ಕಾಯಲಿಲ್ಲ. ಕಳೆದ ಪುತ್ತರಿ ಹಬ್ಬದ ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆಟ್ಟಿಗೆಯಿಂದ 1976ರ ಪುಸ್ತಕ ತೆಗೆದು, ಆ ಏಪ್ರಿಲ್‌ನ ಪುಟಗಳನ್ನು ಅವನ ಕೈಯಲ್ಲೇ ಓದಿಸಿದರು. ಹುಡುಗ ಬೆರಳಿಟ್ಟು ಓದುತ್ತಾ ಹೋಗಿ, ‘ತಮ್ಮ, ತಮ್ಮ ಎಂದೇ ಬರೆದಿದ್ದೀಯಲ್ಲ ಅಜ್ಜ, ಅವರ ಹೆಸರೆಲ್ಲಿ?’ ಎಂದು ಕೇಳಿದ. ಮಾವನವರು ಜೇಬಿನಿಂದ ಪೆನ್ನು ತೆಗೆದರು. ನಡುಗುವ ಕೈಯಲ್ಲಿ, ಒಂದು ಇಂಚು ಹತ್ತು ಸೆಂಟ್ ಎಂದಿದ್ದ ಸಾಲಿನ ಪಕ್ಕದ ಅಂಚಿನಲ್ಲಿ, ಆ ಹೆಸರನ್ನು ಬರೆದರು.